ಹತ್ತಿರವಿದ್ದರೂ ನಡೆಯಲಾಗದ ದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಮಂಗಳೂರಿನ ಬಿಜೈಯಲ್ಲಿರುವ ನಿವೃತ್ತ ಶಿಕ್ಷಕಿ. ಮಗನ ಮನೆಗೆಂದು ಅಮೆರಿಕದ ಹ್ಯೂಸ್ಟನ್‌ಗೆ ಹೋಗಿ ಐದು ತಿಂಗಳು ಇದ್ದು ಬಂದೆ. ಅವನ ಬಡಾವಣೆಯಲ್ಲಿ ಒಪ್ಪವಾದ ಫುಟ್‌ಪಾತ್ ಇತ್ತು, ಆದರೆ ಒಂದು ಪ್ಯಾಕೆಟ್ ಹಾಲು ತರಬೇಕಾದರೂ ಕಾರು ಹತ್ತಬೇಕಿತ್ತು. ಇಲ್ಲಿ ಹಾಲಿನಂಗಡಿ, ಮೆಡಿಕಲ್, ದೇವಸ್ಥಾನ ಎಲ್ಲವೂ ಹತ್ತು ನಿಮಿಷದ ದಾರಿಯಲ್ಲಿವೆ, ಆದರೂ ನಡೆಯಲು ಹೆದರಿ ರಿಕ್ಷಾ ಕರೆಯುತ್ತೇನೆ. ಇವೆರಡರಲ್ಲಿ ಯಾವುದನ್ನು ನಡೆದಾಡಲು ತಕ್ಕ ಊರು ಎನ್ನಬೇಕು?

ಉತ್ತರ: ತಾವು ಕೇಳಿರುವ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಬೇಕಾದದ್ದು ನಡೆದು ಹೋಗುವಷ್ಟು ಹತ್ತಿರದಲ್ಲಿದೆಯೇ ಎಂಬುದು ಮೊದಲನೆಯದು. ಅಲ್ಲಿಗೆ ಹೋಗುವ ದಾರಿ ಕಾಲಿಗೆ ಒದಗುವಂತಿದೆಯೇ ಎಂಬುದು ಎರಡನೆಯದು. ಹ್ಯೂಸ್ಟನ್ ಸೋತಿರುವುದು ಮೊದಲನೆಯದರಲ್ಲಿ. ಆ ನಗರದ ವ್ಯಾಪ್ತಿ 1,600 ಚದರ ಕಿಲೋಮೀಟರಿಗೂ ಹೆಚ್ಚು. ಅಂಗಡಿ ಕಟ್ಟುವವರು ಇಂತಿಷ್ಟು ಕಾರುಗಳಿಗೆ ಜಾಗ ಬಿಡಲೇಬೇಕೆಂಬ ನಿಯಮ ನಗರದ ಬಹುಭಾಗದಲ್ಲಿ ಬಹುಕಾಲದಿಂದ ಇರುವುದರಿಂದ, ಅಲ್ಲಿನ ಬಹಳಷ್ಟು ಅಂಗಡಿಗಳು ವಾಹನ ನಿಲುಗಡೆಯ ಬಯಲಿನ ನಡುವೆ ಒಂಟಿಯಾಗಿ ನಿಂತಿರುತ್ತವೆ, ಮತ್ತು ಒಂದು ಅಂಗಡಿಯಿಂದ ಪಕ್ಕದ ಅಂಗಡಿಗೆ ಹೋಗುವುದೇ ಒಂದು ಪ್ರಯಾಣವಾಗುತ್ತದೆ. ಕೇಟಿ ಫ್ರೀವೇ ಎಂಬ ಹೆದ್ದಾರಿ, ಬದಿಯ ಸರ್ವಿಸ್ ರಸ್ತೆಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ, ಕೆಲವೆಡೆ 26 ಪಥಗಳಷ್ಟು ಅಗಲವಿದೆ. ನಗರದ ಮಧ್ಯಭಾಗದಲ್ಲಿ ನಡೆಯುವವರಿಗಾಗಿ ನೆಲದಡಿಯಲ್ಲಿ ಸುಮಾರು 10 ಕಿ.ಮೀ. ಉದ್ದದ ಸುರಂಗ ಮಾರ್ಗಗಳ ಜಾಲವೇನೋ ಇದೆ. ಅದು ಮುಖ್ಯವಾಗಿ ಕಚೇರಿಗೆ ಹೋಗುವವರಿಗಾಗಿ, ಕೆಲಸದ ದಿನಗಳಲ್ಲಿ ತೆರೆದಿರುವ ದಾರಿ. ತಮ್ಮ ಮಗನ ಬಡಾವಣೆಯ ಒಪ್ಪವಾದ ಫುಟ್‌ಪಾತ್ ಸಂಜೆಯ ವಾಯುವಿಹಾರಕ್ಕೆ ಒದಗುತ್ತದೆಯೇ ಹೊರತು ಸಂತೆಗೆ ಹೋಗುವುದಕ್ಕೆ ಒದಗುವುದಿಲ್ಲ.

ಮಂಗಳೂರು ಕಾರು ಬರುವುದಕ್ಕೆ ಮೊದಲೇ ಬೆಳೆದ ಊರು. ಬಂದರು, ರಥಬೀದಿ, ಹಂಪನಕಟ್ಟೆ, ಮಿಲಾಗ್ರಿಸ್, ಸೆಂಟ್ರಲ್ ರೈಲು ನಿಲ್ದಾಣ ಇವೆಲ್ಲ ಅರ್ಧ ಗಂಟೆಯ ನಡಿಗೆಯೊಳಗೆ ಬರುತ್ತವೆ. ಜ್ಯೋತಿ ವೃತ್ತದಿಂದ ಹಂಪನಕಟ್ಟೆಗೆ ಒಂದು ಕಿಲೋಮೀಟರೂ ಆಗದು. ಗುಡ್ಡ ಇಳಿದು ಹತ್ತುವ ಓಣಿಗಳಿವೆ, ಓಣಿಯ ತುದಿಯಲ್ಲಿ ಅಂಗಡಿಯಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲಿ ಸಿಟಿ ಬಸ್ಸುಗಳಿವೆ. ಬಸ್ಸಿನಲ್ಲಿ ಹೋಗುವ ಪ್ರತಿಯೊಬ್ಬರೂ ಪ್ರಯಾಣದ ಎರಡು ತುದಿಗಳಲ್ಲಿ ಪಾದಚಾರಿಗಳೇ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಬಸ್ಸಿಳಿದು ಹರಡಿಕೊಳ್ಳುವ ಜನರನ್ನು ನೋಡಿದವರಿಗೆ ಈ ಊರಿನಲ್ಲಿ ಯಾರೂ ನಡೆಯುವುದಿಲ್ಲ ಎಂದು ಹೇಳುವ ಧೈರ್ಯ ಬಾರದು. ಕಾರಿಲ್ಲದವರ ಬದುಕು ನಡೆಯುತ್ತಿರುವುದೇ ಈ ನಡಿಗೆಯ ಮೇಲೆ.

ಆದರೆ ಎರಡನೆಯ ಪ್ರಶ್ನೆಯಲ್ಲಿ ನಾವು ಸೋಲುತ್ತೇವೆ, ಮತ್ತು ತಮ್ಮ ಹೆದರಿಕೆಗೆ ಪೂರ್ತಿ ಆಧಾರವಿದೆ. ನಮ್ಮಲ್ಲಿ ಫುಟ್‌ಪಾತ್ ಎಂದರೆ ಬಹುಪಾಲು ಮಳೆನೀರಿನ ಚರಂಡಿಯ ಮೇಲೆ ಹಾಸಿದ ಸ್ಲ್ಯಾಬುಗಳ ಸಾಲು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ಚರಂಡಿ ಆಳವಾಗಿಯೇ ಇರಬೇಕು, ಅದರ ಹೂಳೆತ್ತಲು ಸ್ಲ್ಯಾಬುಗಳನ್ನು ಆಗಾಗ ಎಬ್ಬಿಸಲೂ ಬೇಕು. ಎಬ್ಬಿಸಿದ ಸ್ಲ್ಯಾಬು ಮರಳಿ ಸಮನಾಗಿ ಕೂರುವುದಿಲ್ಲ, ಒಂದು ಮೂಲೆ ಮೇಲೇಳುತ್ತದೆ, ಇನ್ನೊಂದು ಅಲುಗಾಡುತ್ತದೆ, ಕೆಲವು ಮುರಿದು ಬಾಯಿ ತೆರೆದಿರುತ್ತವೆ. ಮೂರು ವರ್ಷಗಳ ಹಿಂದೆ ಜುಲೈ ತಿಂಗಳ ಒಂದು ಸಂಜೆ, ರಸ್ತೆಯ ನೀರೂ ಚರಂಡಿಯ ನೀರೂ ಒಂದಾಗಿ ಹರಿಯುತ್ತಿದ್ದಾಗ, ನನ್ನ ಬಲಗಾಲು ಅಂಥದೊಂದು ಬಾಯಿಯೊಳಗೆ ಮೊಣಕಾಲಿನವರೆಗೆ ಇಳಿದಿತ್ತು. ಮೂಳೆ ಮುರಿಯಲಿಲ್ಲ. ಆದರೆ ಅಂದಿನಿಂದ ಮಳೆಗಾಲದಲ್ಲಿ ನಾನೂ ಫುಟ್‌ಪಾತ್ ಬಿಟ್ಟು ರಸ್ತೆಯ ಅಂಚಿನಲ್ಲೇ ನಡೆಯುತ್ತೇನೆ. ಅಪಾಯ ಅಲ್ಲಿ ಇನ್ನೂ ಹೆಚ್ಚೆಂದು ತಿಳಿದೂ ಹಾಗೆ ಮಾಡುತ್ತೇನೆ, ಏಕೆಂದರೆ ಅಲ್ಲಿನ ಅಪಾಯ ಕಣ್ಣಿಗೆ ಕಾಣುತ್ತದೆ.

ಅಗಲದ ವಿಷಯವನ್ನೂ ಇಲ್ಲಿ ಹೇಳಬೇಕು. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ, ಕಂಬ, ಮರ, ಫಲಕ ಯಾವುದೂ ಅಡ್ಡವಿಲ್ಲದ ಕನಿಷ್ಠ 1.8 ಮೀಟರ್ ನಡಿಗೆಯ ಜಾಗ ಇರಬೇಕೆಂದೂ, ಫುಟ್‌ಪಾತಿನ ಎತ್ತರ ರಸ್ತೆಯಿಂದ 15 ಸೆಂಟಿಮೀಟರ್ ಮೀರಬಾರದೆಂದೂ ಹೇಳುತ್ತದೆ. ಕರಾವಳಿಗೆ ಈ 1.8 ಮೀಟರೂ ಕಡಿಮೆಯೆಂಬುದು ನನ್ನ ಅಭಿಪ್ರಾಯ. ಬಿಡಿಸಿದ ಕೊಡೆಯೊಂದು ಸುಮಾರು ಒಂದು ಮೀಟರ್ ಅಗಲ. ವರ್ಷದ ನಾಲ್ಕು ತಿಂಗಳು ಇಲ್ಲಿ ಎದುರುಬದುರಾಗುವುದು ಇಬ್ಬರು ಮನುಷ್ಯರಲ್ಲ, ಎರಡು ಕೊಡೆಗಳು. ಇರುವ ಜಾಗದಲ್ಲೂ ಕಥೆ ಬೇರೆಯೇ. ರಸ್ತೆ ಅಗಲವಾದಾಗ ಕೆಂಪುಕಲ್ಲಿನ ಕಂಪೌಂಡು ಹಿಂದೆ ಸರಿಯುತ್ತದೆ, ವಿದ್ಯುತ್ ಕಂಬ ಮಾತ್ರ ಇದ್ದಲ್ಲೇ ಇದ್ದು ಫುಟ್‌ಪಾತಿನ ನಟ್ಟನಡುವೆ ಬರುತ್ತದೆ. ಪ್ರತಿ ಕಟ್ಟಡವೂ ತನ್ನ ಗೇಟಿಗೆ ತನ್ನದೇ ಇಳಿಜಾರು ಮಾಡಿಕೊಂಡಿರುವುದರಿಂದ, ಐವತ್ತು ಹೆಜ್ಜೆಗಳಲ್ಲಿ ನಾಲ್ಕು ಸಲ ಹತ್ತಿ ಇಳಿಯಬೇಕು. ಮಂಡಿನೋವಿನವರು ಅದನ್ನು ಬಿಟ್ಟು ರಸ್ತೆಗಿಳಿದರೆ ತಪ್ಪು ಅವರದಲ್ಲ. 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಕೆಲವು ರಸ್ತೆಗಳಲ್ಲಿ ಹೊಸ ಫುಟ್‌ಪಾತ್ ಬಂದಿದೆ. ಅಲ್ಲಿ ನಡೆಯುವಾಗ ಹಿತವೆನಿಸುತ್ತದೆ, ನಿಜ. ಆದರೆ ಮನೆಯ ಬಾಗಿಲಿನಿಂದ ಅಂಗಡಿಯವರೆಗಿನ ದಾರಿಯಲ್ಲಿ ಒಂದೇ ಒಂದು ಕಡೆ ಕಡಿದುಹೋದರೂ ತಮ್ಮ ವಯಸ್ಸಿನವರಿಗೆ ಆ ದಾರಿ ಇದ್ದೂ ಇಲ್ಲದಂತೆ.

ಇಷ್ಟಿದ್ದರೂ ನಾನು ಮಂಗಳೂರನ್ನೇ ಆರಿಸುತ್ತೇನೆ. ಮೂರು ಕಿಲೋಮೀಟರ್ ದೂರದ ಅಂಗಡಿಯನ್ನು ಮನೆಯ ಹತ್ತಿರ ತರಲು ಊರನ್ನೇ ಹೊಸದಾಗಿ ಕಟ್ಟಬೇಕು, ಅದಕ್ಕೆ ಒಂದು ತಲೆಮಾರು ಸಾಲದು. ಸ್ಲ್ಯಾಬು ಸರಿಪಡಿಸಿ, ಕಂಬ ಸರಿಸಿ, ಗೇಟುಗಳೆದುರು ಫುಟ್‌ಪಾತನ್ನು ಒಂದೇ ಮಟ್ಟಕ್ಕೆ ತರುವ ಕೆಲಸಕ್ಕೆ, ಒಂದು ರಸ್ತೆಯ ಮಟ್ಟಿಗೆ, ದೀಪಾವಳಿಯಿಂದ ಮುಂದಿನ ಮಳೆಯವರೆಗಿನ ಒಣ ತಿಂಗಳುಗಳು ಸಾಕು. ನನ್ನ ಆತಂಕ ಇರುವುದು ಹೊಸದಾಗಿ ಹಬ್ಬುತ್ತಿರುವ ಮಂಗಳೂರಿನ ಬಗ್ಗೆ. ತೊಕ್ಕೊಟ್ಟಿನ ಕಡೆಗೂ ಸುರತ್ಕಲ್ಲಿನ ಕಡೆಗೂ ಹೆದ್ದಾರಿಯ ಉದ್ದಕ್ಕೆ ಏಳುತ್ತಿರುವ ವಸತಿ ಸಮುಚ್ಚಯಗಳ ಒಳಗೆ ನಡಿಗೆಗೆ ಸುಂದರವಾದ ದಾರಿಯಿರುತ್ತದೆ, ಗೇಟಿನ ಹೊರಗೆ ಏನೂ ಇರುವುದಿಲ್ಲ. ಅಂದರೆ ಹ್ಯೂಸ್ಟನ್ನಿನ ಕೊರತೆಯನ್ನೂ ನಮ್ಮ ಕೊರತೆಯನ್ನೂ ಒಟ್ಟಿಗೇ ಕಟ್ಟುತ್ತಿದ್ದೇವೆ.

ಪ್ರಶ್ನೆ: ಉಡುಪಿಯ ಬಳಿ ಹೆದ್ದಾರಿಯ ಒಂದು ಬದಿಯಲ್ಲಿ ನಮ್ಮ ಮನೆ, ಇನ್ನೊಂದು ಬದಿಯಲ್ಲಿ ಬಸ್ ನಿಲ್ದಾಣ. ದಾಟಲು ಪಾದಚಾರಿ ಮೇಲ್ಸೇತುವೆ ಕಟ್ಟಿಕೊಡಿ ಎಂದು ಮನವಿ ಸಲ್ಲಿಸಬೇಕೆಂದಿದ್ದೇವೆ. ಇದು ಸರಿಯಾದ ಬೇಡಿಕೆಯೇ?

ಉತ್ತರ: ಮನವಿ ಬರೆಯುವ ಮೊದಲು ನಿಮ್ಮ ಮನೆಯ ಹಿರಿಯರೊಬ್ಬರನ್ನು ಕೇಳಿ ನೋಡಿ. ಹೆದ್ದಾರಿಯ ಮೇಲೆ ಲಾರಿಗಳು ಸಾಗಲು ಸುಮಾರು ಐದೂವರೆ ಮೀಟರ್ ಎತ್ತರ ಬಿಡಬೇಕಾಗುತ್ತದೆ. ಮೆಟ್ಟಿಲೊಂದಕ್ಕೆ 15 ಸೆಂಟಿಮೀಟರಿನಂತೆ ಲೆಕ್ಕ ಹಾಕಿದರೆ ಸುಮಾರು ನಲವತ್ತು ಮೆಟ್ಟಿಲು ಹತ್ತಿ, ಅಷ್ಟನ್ನೇ ಇಳಿಯಬೇಕು. ಬಸ್ ಬರುವುದು ಕಾಣುತ್ತಿರುವಾಗ ಯುವಕರು ಹತ್ತುವುದಿಲ್ಲ, ಮಂಡಿ ಸವೆದವರು ಹತ್ತಲಾರರು, ಗಾಲಿಕುರ್ಚಿಯವರ ಮಾತೇ ಬೇಡ. ಲಿಫ್ಟ್ ಇಟ್ಟರೆ ಅದು ಸದಾ ಓಡುತ್ತಿರಬೇಕು. ವೇಗದ ವಾಹನಗಳಿಗೆ ತೊಂದರೆಯಾಗಬಾರದೆಂದು ನಡೆಯುವವರನ್ನು ನಲವತ್ತು ಮೆಟ್ಟಿಲು ಹತ್ತಿಸುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಹಾಗೆಂದು ಈಗಿರುವಂತೆ ದಾಟಿ ಎಂದೂ ಹೇಳಲಾರೆ. ಚತುಷ್ಪಥದ ಒಂದು ಬದಿಯ ಎರಡು ಪಥಗಳು ಏಳು ಮೀಟರ್ ಅಗಲ. ಸೆಕೆಂಡಿಗೆ 0.9 ಮೀಟರ್ ನಡೆಯುವ ಹಿರಿಯರಿಗೆ ಅದನ್ನು ದಾಟಲು ಎಂಟು ಸೆಕೆಂಡ್ ಬೇಕು. ಗಂಟೆಗೆ 60 ಕಿ.ಮೀ. ವೇಗದ ಕಾರು ಆ ಹೊತ್ತಿಗೆ 130 ಮೀಟರ್ ಬಂದಿರುತ್ತದೆ. ಅಷ್ಟು ದೂರದ ವಾಹನದ ವೇಗವನ್ನು ಮುಸ್ಸಂಜೆಯ ಮಳೆಯಲ್ಲಿ ಅಂದಾಜಿಸುವುದು ಯಾರಿಂದಲೂ ಆಗದು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. ಆದ್ದರಿಂದ ಬೇಡಿಕೆ ವೇಗದ ಬಗ್ಗೆಯೂ ಇರಲಿ. ಸಾಧ್ಯವಿರುವಲ್ಲಿ ನೆಲಮಟ್ಟದಲ್ಲೇ, ಸಿಗ್ನಲ್ ಸಹಿತವಾದ ದಾಟುದಾರಿ ಬೇಕು. ದಾಟುವವರು ಅರ್ಧದಲ್ಲಿ ನಿಲ್ಲಲು ರಸ್ತೆ ವಿಭಜಕದ ನಡುವೆ ಎರಡು ಮೀಟರಿನಷ್ಟು ಜಾಗ ಬೇಕು. ಒಳಗಿನ ರಸ್ತೆಗಳಲ್ಲಿ ದಾಟುದಾರಿಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ವಾಹನಗಳು ತಾವಾಗಿ ನಿಧಾನಿಸುತ್ತವೆ. ವೇಗ ತಗ್ಗಿಸಲಾಗದ ಹೆದ್ದಾರಿಯಾದರೆ, ಕೆಳಸೇತುವೆಯೇ ಲೇಸು, ಏಕೆಂದರೆ ಮನುಷ್ಯರಿಗೆ ಬೇಕಾಗುವ ಎತ್ತರ ಲಾರಿಗೆ ಬೇಕಾಗುವುದರ ಅರ್ಧದಷ್ಟು. ಆದರೆ ನೀರು ಹರಿದುಹೋಗುವ ವ್ಯವಸ್ಥೆ ಮತ್ತು ರಾತ್ರಿಯ ದೀಪ ಇಲ್ಲದಿದ್ದರೆ ನಮ್ಮ ಮಳೆಯಲ್ಲಿ ಅದು ಕೆರೆಯಾಗುತ್ತದೆ. ಮನವಿಯ ಜೊತೆಗೆ, ಒಂದು ದಿನ ಬೆಳಿಗ್ಗೆ 8ರಿಂದ 9ರವರೆಗೆ ಎಷ್ಟು ಜನ ಅಲ್ಲಿ ದಾಟಿದರೆಂದು ಎಣಿಸಿ ಬರೆಯಿರಿ. ವಾಹನಗಳನ್ನು ಎಣಿಸುವವರು ಬಹಳ, ಕಾಲುಗಳನ್ನು ಎಣಿಸುವವರು ಕಡಿಮೆ.

ಪ್ರಶ್ನೆ: ಫುಟ್‌ಪಾತಿನಲ್ಲಿ ಹಣ್ಣು, ಹೂವು ಮಾರುವವರನ್ನು ಎಬ್ಬಿಸಿದರೆ ನಡೆಯಲು ಜಾಗ ಸಿಗುವುದಿಲ್ಲವೇ?

ಉತ್ತರ: ಸ್ವಲ್ಪ ಸಿಗಬಹುದು. ಆದರೆ ನಿಮ್ಮ ದಾರಿಯಲ್ಲಿ ಒಂದು ದಿನ ಲೆಕ್ಕ ಮಾಡಿ. ಬುಟ್ಟಿಗಳಿಗಿಂತ ನಿಲ್ಲಿಸಿದ ಸ್ಕೂಟರುಗಳೂ ಅಂಗಡಿಗಳ ಬೋರ್ಡುಗಳೂ ಹೆಚ್ಚು ಜಾಗ ಹಿಡಿದಿರುವುದು ಕಾಣುತ್ತದೆ. ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆಯಿದೆ. ಎಲ್ಲಿ ಕೂರಬಹುದೆಂದು ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಗುರುತಿಸಿ, ನಡಿಗೆಯ ಜಾಗವನ್ನು ಬೇರೆಯಾಗಿ ಬಿಡಿಸಬೇಕು. ಹೂವಿನವರು ಕುಳಿತ ಕಡೆ ಕತ್ತಲಾದ ಮೇಲೂ ಬೆಳಕಿರುತ್ತದೆ, ಹೆಂಗಸರು ಧೈರ್ಯವಾಗಿ ನಡೆಯುತ್ತಾರೆ. ಇನ್ನು ಅಡಚಣೆಯಿಲ್ಲದ ಫುಟ್‌ಪಾತ್ ಪಾದಚಾರಿಗಳ ಹಕ್ಕು, ಅದು ಬದುಕುವ ಹಕ್ಕನ್ನು ಕಾಯುವ ಸಂವಿಧಾನದ 21ನೆಯ ವಿಧಿಯ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ನಗರದ ರಸ್ತೆಯಾದರೆ ಪಾಲಿಕೆ ಅಥವಾ ನಗರಸಭೆಗೆ ಫೋಟೊ ಮತ್ತು ಅಳತೆ ಸಹಿತ ಬರೆದು ಸ್ವೀಕೃತಿ ಪಡೆಯಿರಿ, ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಉತ್ತರ ಬಾರದಿದ್ದರೆ, ಆ ಫುಟ್‌ಪಾತಿನ ಮಂಜೂರಾದ ನಕ್ಷೆಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ, ಅದರಲ್ಲಿ ಕಾಣಿಸಿದ ಅಗಲ ನೆಲದ ಮೇಲೆ ಇದೆಯೇ ಎಂದು ಟೇಪು ಹಿಡಿದು ನೋಡಿ.