ರಿಪೇರಿ ಮಾಡಿದ ಶ್ವಾಸಕೋಶ ಹಾಕಿಸಿಕೊಳ್ಳಬಹುದಾ?

ಪ್ರಶ್ನೆ: ನಮ್ಮಣ್ಣ ಶ್ವಾಸಕೋಶ ಕಸಿಗಾಗಿ ಕಾಯುತ್ತಿದ್ದಾನೆ. ದಾನಿಯ ಅಂಗಕ್ಕೆ ಸ್ವಲ್ಪ ಹಾನಿಯಾಗಿದ್ದರೆ ಯಂತ್ರದಲ್ಲಿಟ್ಟು ಸರಿಮಾಡಿ ಹಾಕುತ್ತೇವೆ, ಒಪ್ಪಿಗೆಯಾ ಅಂತ ವೈದ್ಯರು ಕೇಳಿದ್ದಾರೆ. ನಮಗೆ ಭಯ. ಏನು ಮಾಡೋಣ?

ಉತ್ತರ: ನನ್ನ ಅಭಿಪ್ರಾಯ ಕೇಳಿದರೆ, ಒಪ್ಪಿಕೊಳ್ಳುವ ಕಡೆಗೇ ಇದೆ. ಯಾಕೆ ಅಂತ ಹೇಳ್ತೀನಿ.

ದಾನಿಗಳ ಶ್ವಾಸಕೋಶಗಳಲ್ಲಿ ಬಹುಪಾಲು ಬಳಕೆಗೇ ಬರುವುದಿಲ್ಲ. ಮೆದುಳು ನಿಷ್ಕ್ರಿಯವಾಗುವಾಗ ಒತ್ತಡದ ಹಾರ್ಮೋನುಗಳು ಒಮ್ಮೆಲೇ ನುಗ್ಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು, ವೆಂಟಿಲೇಟರ್‌ನಲ್ಲಿದ್ದಾಗ ಸೋಂಕು ತಗುಲಿರಬಹುದು. ಇವು ಎಷ್ಟೋ ಸಲ ಸರಿಹೋಗುವ ತೊಂದರೆಗಳೇ, ಆದರೆ ಅಂಗವನ್ನು ಮಾಮೂಲಿಯಾಗಿ ಇಟ್ಟು ತರುವ ಐಸ್ ಪೆಟ್ಟಿಗೆಯಲ್ಲಿ ಸರಿಹೋಗಲ್ಲ. ಆ ತಣ್ಣಗಿನಲ್ಲಿ ಅಂಗ ಕೆಡುವುದು ನಿಧಾನವಾಗುತ್ತದೆ ನಿಜ, ಚೇತರಿಸಿಕೊಳ್ಳುವುದೂ ಅಷ್ಟೇ ನಿಂತುಹೋಗುತ್ತದೆ.

ಯಂತ್ರದಲ್ಲಿ ಹಾಗಲ್ಲ. ಪಾರದರ್ಶಕ ಮುಚ್ಚಳದ ಕೆಳಗೆ ಶ್ವಾಸಕೋಶ ಮೆಲ್ಲಗೆ ಉಬ್ಬುತ್ತಾ ಇಳಿಯುತ್ತಾ ಇರುತ್ತದೆ, ದೇಹದ ಬಿಸಿಯೇ, 37 ಡಿಗ್ರಿ. ರಕ್ತನಾಳದೊಳಗೆ ಹರಿಯುವ ದ್ರಾವಣದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಜಾಸ್ತಿ ಇರುವುದರಿಂದ ಅದು ಅಂಗಾಂಶದಲ್ಲಿ ನಿಂತ ನೀರನ್ನು ಎಳೆದುಕೊಳ್ಳುತ್ತದೆ. ಕೊಳವೆ ಇಳಿಸಿ ಕಫ ತೆಗೆಯುತ್ತಾರೆ. ಆ್ಯಂಟಿಬಯೋಟಿಕ್ ಕೂಡ ಧಾರಾಳವಾಗಿ ಕೊಡಬಹುದು, ಯಾಕಂದ್ರೆ ಹಾಳಾಗುವುದಕ್ಕೆ ಅಲ್ಲಿ ಮೂತ್ರಪಿಂಡವೂ ಇಲ್ಲ, ಯಕೃತ್ತೂ ಇಲ್ಲ! ನಾಲ್ಕೈದು ಗಂಟೆ ಆಗಾಗ ಆಮ್ಲಜನಕ ಅಳೆದು, ಎಕ್ಸ್-ರೇ ತೆಗೆದು, ಸುಧಾರಿಸದಿದ್ದರೆ ಬಿಟ್ಟುಬಿಡುತ್ತಾರೆ. ಅಂದರೆ ನಿಮ್ಮಣ್ಣನಿಗೆ ಬರುವ ಅಂಗ, ಐಸ್‌ನಿಂದ ನೇರವಾಗಿ ಬಂದದ್ದಕ್ಕಿಂತ ಹೆಚ್ಚು ಪರೀಕ್ಷೆ ಮುಗಿಸಿಕೊಂಡೇ ಬಂದಿರುತ್ತದೆ.

2011ರಲ್ಲಿ ಟೊರಾಂಟೊದ ವೈದ್ಯರು ಹೀಗೆ ಯಂತ್ರದಲ್ಲಿಟ್ಟ ಶ್ವಾಸಕೋಶಗಳನ್ನು 20 ಜನರಿಗೆ ಹಾಕಿದ ಫಲಿತಾಂಶ ಪ್ರಕಟಿಸಿದರು. ಮಾಮೂಲಿ ಕಸಿಗಿಂತ ಅದೇನೂ ಕಡಿಮೆ ಇರಲಿಲ್ಲ. ಯಕೃತ್ತಿನಲ್ಲಂತೂ ಇನ್ನೂ ಮುಂದೆ ಹೋಗಿದ್ದಾರೆ. ಗಂಟು ಇದೆ ಅಂತ ಬೇರೆಯವರು ಬೇಡವೆಂದಿದ್ದ ಒಂದು ಯಕೃತ್ತನ್ನು ಜ್ಯೂರಿಕ್‌ನಲ್ಲಿ ಮೂರು ದಿನ ಯಂತ್ರದಲ್ಲಿಟ್ಟು, ಅದು ಕ್ಯಾನ್ಸರ್ ಅಲ್ಲ ಅಂತ ಖಚಿತಪಡಿಸಿಕೊಂಡು 2021ರಲ್ಲಿ ರೋಗಿಯೊಬ್ಬರಿಗೆ ಹಾಕಿದರು.

ಹಾಗಂತ ಯಂತ್ರ ಎಲ್ಲವನ್ನೂ ಸರಿಮಾಡಲ್ಲ. ವರ್ಷಗಟ್ಟಲೆ ಸಿಗರೇಟು ಸೇದಿ ಗಾಳಿಚೀಲಗಳು ಒಡೆದಿದ್ದರೆ, ಅಂಗಾಂಶ ಗಾಯವಾಗಿ ಗಟ್ಟಿಯಾಗಿದ್ದರೆ, ಅದು ಅಷ್ಟೇ. ಕಸಿಯಾದ ಮೇಲೆ ದೇಹ ಅಂಗವನ್ನು ತಿರಸ್ಕರಿಸುವ ಅಪಾಯವೂ ಹೋಗಲ್ಲ, ಅದನ್ನು ತಡೆಯುವ ಮಾತ್ರೆಗಳನ್ನು ಜೀವನಪೂರ್ತಿ ನುಂಗಲೇಬೇಕು.

ಸುಮ್ನೆ 'ಒಳ್ಳೆಯದಾ?' ಅಂತ ವೈದ್ಯರನ್ನು ಕೇಳಬೇಡಿ. ಅಂಗಕ್ಕೆ ಮೊದಲು ಏನು ತೊಂದರೆ ಇತ್ತು, ಯಂತ್ರದಲ್ಲಿ ಆಮ್ಲಜನಕದ ಅಂಕಿ ಏರಿತಾ, ನಿಂತಲ್ಲೇ ನಿಂತಿತಾ ಅಂತ ಕೇಳಿ. ಜೊತೆಗೆ, ಇದನ್ನು ಬಿಟ್ಟರೆ ಇನ್ನೊಂದು ಸಿಗುವವರೆಗೆ ಅಣ್ಣನ ಶ್ವಾಸಕೋಶ ತಡೆದುಕೊಳ್ಳುತ್ತದಾ ಅಂತಲೂ ಕೇಳಿ. ಕಾಯುತ್ತಲೇ ತೀರಿಹೋಗುವವರೂ ಇದ್ದಾರೆ, ಅಲ್ವಾ.