ಸ್ಯಾಂಟೊರಿನಿ ಇರಲಿ, ಮೊದಲು ಮೈಸೂರಿಗೆ ಫೋನ್ ಮಾಡಿ

ಈ ವಾರ ಮೂರ್ನಾಲ್ಕು ಪತ್ರಗಳಿಗೆ ಉತ್ತರ ಬರೆಯಬೇಕು ಅಂದುಕೊಂಡಿದ್ದೆ. ಮ್ಯೂನಿಕ್‌ನಿಂದ ಬಂದ ಒಂದು ಪತ್ರ ಓದಿದ ಮೇಲೆ ಉಳಿದವನ್ನೆಲ್ಲ ಮುಂದಿನ ವಾರಕ್ಕೆ ಎತ್ತಿಟ್ಟಿದ್ದೇನೆ. ಬರೆದವರು ಮೈಸೂರಿನ ಹೆಣ್ಣುಮಗಳು. ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ, ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್‌ನವರು. ಜರ್ಮನಿಯಲ್ಲಿ ಕಾಯಂ ವಾಸದ ಪರವಾನಗಿಯೂ ಸಿಕ್ಕಿದೆಯಂತೆ.

ಅವರ ಕಷ್ಟ ಹೀಗಿದೆ. ಆಗಸ್ಟ್‌ನಲ್ಲಿ ಗ್ರೀಸ್‌ನ ದ್ವೀಪಕ್ಕೆ ಹೋಗುವುದೆಂದು ತೀರ್ಮಾನವಾಗಿದೆ. ಗಂಡನಿಗೆ ಸ್ಯಾಂಟೊರಿನಿಯೇ ಆಗಬೇಕು. ಅದರಲ್ಲೂ ಇಯಾ ಊರಿನಲ್ಲಿ, ಕಡಲಿಗೆ ಮುಖ ಮಾಡಿದ ಗುಹೆಮನೆ, ಅದಕ್ಕೊಂದು ಪುಟ್ಟ ಸ್ವಂತ ಈಜುಕೊಳ. ರಾತ್ರಿಗೆ 580 ಯೂರೋ, ಒಟ್ಟು ಐದು ರಾತ್ರಿ. ವಿಮಾನ, ಊಟ, ದೋಣಿ, ಫೋಟೋಗ್ರಾಫರ್ ಎಲ್ಲ ಸೇರಿದರೆ 4,500 ಯೂರೋ, ಅಂದರೆ ನಾಲ್ಕು ಲಕ್ಷ ರೂಪಾಯಿಗೂ ಮೇಲೆ. ಈಕೆಗೆ ಪಕ್ಕದ ನಾಕ್ಸೋಸ್ ದ್ವೀಪ ಸಾಕು: ಉದ್ದನೆಯ ಮರಳ ದಂಡೆ, ಕಡಿಮೆ ಬಾಡಿಗೆಯ ಕೋಣೆ, ಇಷ್ಟು ಗಲಾಟೆ ಇಲ್ಲ. ಎರಡು ವಾರದಿಂದ ಮನೆಯಲ್ಲಿ ಮಾತು ಕಡಿಮೆಯಾಗಿದೆ. "ಒಂದು ಸಲವಾದರೂ ನನ್ನಿಷ್ಟದ ಹಾಗೆ ಆಗಲಿ" ಅನ್ನುತ್ತಾರಂತೆ ಅವರು. "ನಾನೇ ಸೋಲಬೇಕಾ ಹೇಳಿ" ಅಂತ ಈಕೆ ನನ್ನನ್ನು ಕೇಳಿದ್ದಾರೆ.

ಇಷ್ಟೇ ಆಗಿದ್ದರೆ ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದೆ. ಎರಡೂ ದ್ವೀಪಗಳ ನಡುವೆ ಹಡಗಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಎರಡು ರಾತ್ರಿ ಅಲ್ಲಿ, ಮೂರು ರಾತ್ರಿ ಇಲ್ಲಿ ಇದ್ದು ಬನ್ನಿ, ಇಬ್ಬರ ಮಾತೂ ಉಳಿಯುತ್ತದೆ ಅಂತ.

ಆದರೆ ಪತ್ರದ ಎರಡನೇ ಪುಟದಲ್ಲಿ, ಆಗಸ್ಟ್‌ನ ಜನಜಂಗುಳಿಯ ದೂರು ಮತ್ತು ಹೋಟೆಲಿನ ವರ್ಣನೆಯ ನಡುವೆ, ಒಂದು ಸಾಲು ಇದೆ. "ಅಂದಹಾಗೆ ಫೆಬ್ರವರಿಯಿಂದ ಇವರಿಗೆ ಕೆಲಸ ಇಲ್ಲ, ಊರಲ್ಲಿ ಇನ್ನೂ ಹೇಳಿಲ್ಲ, ಭಾವನಿಗೆ ಮಾತ್ರ ಗೊತ್ತು." ಅಷ್ಟೇ. ಅದರ ಮುಂದಿನ ಸಾಲಿಗೇ ಮತ್ತೆ ಈಜುಕೊಳ ಬಂತು.

ನೋಡಿ ತಾಯಿ, ನೀವು "ಅಂದಹಾಗೆ" ಅಂತ ಬರೆದು ದಾಟಿಸಿದ್ದೀರಲ್ಲ, ನಿಮ್ಮ ಪತ್ರ ಇರುವುದೇ ಅದರ ಬಗ್ಗೆ. ಇಯಾ, ನಾಕ್ಸೋಸ್, ಈಜುಕೊಳ ಎಲ್ಲವೂ ಅದರ ಸುತ್ತ ಕಟ್ಟಿದ ಮಾತು. ಯಾಕೆಂದರೆ ಇನ್ನೊಂದು ಕಡೆ ನೀವೇ ಬರೆದಿದ್ದೀರಿ: ಮೈಸೂರಿನಿಂದ ಅತ್ತೆ ವಾರದ ನಡುವೆ ಹಗಲಿನಲ್ಲಿ ಫೋನ್ ಮಾಡಿದರೆ ನಿಮ್ಮ ಯಜಮಾನರು "ಮೀಟಿಂಗಲ್ಲಿದ್ದೀನಿ ಅಮ್ಮಾ, ಆಮೇಲೆ ಮಾಡ್ತೀನಿ" ಅಂತ ಹೇಳಿ, ಫೋನ್ ಇಟ್ಟು, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವುದನ್ನು ಮುಂದುವರಿಸುತ್ತಾರೆ ಅಂತ. ಅದನ್ನು ನೀವು ಅವರು ಮನೆಕೆಲಸಕ್ಕೆ ಕೈಜೋಡಿಸುತ್ತಾರೆ ಎಂದು ಹೊಗಳುವುದಕ್ಕೆ ಬರೆದಿದ್ದೀರಿ. ನನಗೆ ಅದನ್ನು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನಲವತ್ತರ ಹತ್ತಿರದ ಗಂಡಸು, ಕೈಯಲ್ಲಿ ಚಾಕು ಹಿಡಿದು, ಹೆತ್ತ ತಾಯಿಗೆ ಇಲ್ಲದ ಮೀಟಿಂಗಿನ ಕಥೆ ಹೇಳುವುದು ಎಷ್ಟು ಕಷ್ಟದ ಕೆಲಸ! ಅದನ್ನು ಫೆಬ್ರವರಿಯಿಂದ ಮಾಡುತ್ತಿದ್ದಾರೆ.

ಅಂಥವರು ಇಯಾ ಬೇಕು ಅಂತ ಹಟ ಹಿಡಿದರೆ ನನಗೆ ಕೋಪ ಬರುವುದಿಲ್ಲ. ಎಲ್ಲ ಬಿಟ್ಟು ಅದೇ ಊರು ಯಾಕೆ ಅಂತ ಯೋಚಿಸಿ. ಗ್ರೀಸ್‌ನಲ್ಲಿ ಜನವಸತಿ ಇರುವ ದ್ವೀಪಗಳೇ ಇನ್ನೂರಕ್ಕೂ ಹೆಚ್ಚು. ಆದರೆ ಯಾವ ವಿವರಣೆಯೂ ಇಲ್ಲದೆ, ಫೋಟೋ ನೋಡಿದ ಕೂಡಲೇ ಮೈಸೂರಿನ ಚಿಕ್ಕಮ್ಮನಿಗೂ ಗುರುತು ಸಿಗುವ ದ್ವೀಪ ಅದೊಂದೇ. ಬಿಳಿ ಗೋಡೆ, ನೀಲಿ ಗುಮ್ಮಟ, ಕೆಳಗೆ ಕಡಲು. ಆ ಒಂದು ಫೋಟೋ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದರೆ ಆರು ತಿಂಗಳು ಯಾರೂ "ಕೆಲಸ ಹೇಗಿದೆ" ಅಂತ ಕೇಳುವುದಿಲ್ಲ. ನಾಕ್ಸೋಸ್‌ನ ಮರಳ ದಂಡೆಗೆ ಆ ಶಕ್ತಿ ಇಲ್ಲ. ಅಲ್ಲಿ ಕಡಲಂಚಿನಲ್ಲಿ ಅಪೊಲೊ ದೇವಾಲಯದ ದೊಡ್ಡ ಅಮೃತಶಿಲೆಯ ಬಾಗಿಲೊಂದು ಎರಡೂವರೆ ಸಾವಿರ ವರ್ಷದಿಂದ ನಿಂತಿದೆ, ನನ್ನ ಕಣ್ಣಿಗೆ ನೀಲಿ ಗುಮ್ಮಟಕ್ಕಿಂತ ಅದೇ ಚೆಂದ. ಆದರೆ ಅದರ ಮುಂದೆ ನಿಂತ ಫೋಟೋ ಕಳಿಸಿದರೆ "ಇದೆಲ್ಲಿ?" ಅಂತ ಕೇಳುತ್ತಾರೆ. ಒಂದು ಪ್ರಶ್ನೆ ಬಂದರೆ ಅದರ ಬಾಲ ಹಿಡಿದು ಹತ್ತು ಬರುತ್ತವೆ.

ಇನ್ನು ನಿಮ್ಮ ಬಗ್ಗೆ. ನೀವು ಸ್ಯಾಂಟೊರಿನಿ ಬೇಡ ಅನ್ನಲು ಅವರಿಗೆ ಕೊಟ್ಟ ಕಾರಣ ಭೂಕಂಪ. 2025ರ ಜನವರಿ ಕೊನೆಯಿಂದ ಅಲ್ಲಿ ನೆಲ ನಡುಗಿದ್ದು ನಿಜ. ಫೆಬ್ರವರಿಯಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಹಡಗು, ವಿಮಾನ ಹತ್ತಿ ದ್ವೀಪ ಬಿಟ್ಟಿದ್ದೂ ನಿಜ. ಆಮೇಲೆ ನಡುಕ ಇಳಿಯಿತು, ಶಾಲೆ ತೆರೆದವು, ಊರಿನವರು ವಾಪಸ್ ಬಂದರು, ಬೇಸಿಗೆಗೆ ಪ್ರವಾಸಿಗಳೂ ಬಂದರು. ಇದು ನಿಮಗೆ ಗೊತ್ತಿದೆ, ಪತ್ರದಲ್ಲಿ ನೀವೇ ಬರೆದಿದ್ದೀರಿ. ನಿಮ್ಮ ನಿಜವಾದ ಕಾರಣ ದುಡ್ಡು. ಜುಲೈ 15ರವರೆಗೆ ಬುಕಿಂಗ್ ರದ್ದು ಮಾಡಬಹುದು, ಅದು ದಾಟಿದರೆ ಪೂರ್ತಿ ಹಣ ನಿಮ್ಮ ಕಾರ್ಡಿನಿಂದ ಹೋಗುತ್ತದೆ. "ಅದೇನೂ ದೊಡ್ಡ ವಿಷಯವಲ್ಲ" ಅಂದಿದ್ದೀರಿ. ಖಂಡಿತ ದೊಡ್ಡ ವಿಷಯ. ಮಕ್ಕಳಿಲ್ಲದವರಿಗೆ ಜರ್ಮನಿಯಲ್ಲಿ ನಿರುದ್ಯೋಗ ಭತ್ಯೆ ಹಿಂದೆ ಕೈಗೆ ಬರುತ್ತಿದ್ದ ಸಂಬಳದ ಶೇಕಡ 60ರಷ್ಟು ಮಾತ್ರ, ಅದೂ ಐವತ್ತರ ಒಳಗಿನವರಿಗೆ ಹೆಚ್ಚೆಂದರೆ ಒಂದು ವರ್ಷ. ಈ ಲೆಕ್ಕವನ್ನು ಇಬ್ಬರೂ ಒಂದು ಸಲವೂ ಒಟ್ಟಿಗೆ ಕೂತು ಮಾಡಿಲ್ಲ. ಮನೆಯ ಲೆಕ್ಕವನ್ನು ಗಂಡ ಹೆಂಡತಿ ಒಂದೇ ಮೇಜಿನ ಮೇಲೆ, ಒಂದೇ ಹಾಳೆಯಲ್ಲಿ ಬರೆಯಬೇಕು ಅಂತ ಈ ಅಂಕಣದಲ್ಲಿ ಎಷ್ಟು ಸಲ ಹೇಳಿದ್ದೇನೋ, ಇನ್ನೂ ಹೇಳುತ್ತೇನೆ. ನೀವು ಅವರ ಮನಸ್ಸಿಗೆ ನೋವಾದೀತೆಂದು ದುಡ್ಡಿನ ಮಾತು ಎತ್ತದೆ ಭೂಕಂಪದ ಮಾತು ಎತ್ತಿದಿರಿ. ಅವರಿಗೆ ಅದು ಸುಳ್ಳೆಂದು ಗೊತ್ತಾಗಿದೆ. ಅದಕ್ಕೇ ಇಬ್ಬರಲ್ಲೂ ಮಾತು ನಿಂತಿದೆ.

ಇನ್ನೊಂದು ವಿಷಯ ನಿಮ್ಮ ಗಮನಕ್ಕೆ ಬಂದಿದೆಯೋ ಇಲ್ಲವೋ. ಭತ್ಯೆ ಪಡೆಯುವವರು ಊರು ಬಿಟ್ಟು ರಜೆಗೆ ಹೋಗಬೇಕಾದರೆ ಉದ್ಯೋಗ ಕಚೇರಿಯ ಒಪ್ಪಿಗೆಯನ್ನು ಮುಂಚೆಯೇ ತೆಗೆದುಕೊಳ್ಳಬೇಕು, ಭತ್ಯೆ ನಿಲ್ಲದೆ ಹೋಗಿಬರಲು ವರ್ಷಕ್ಕೆ ಮೂರು ವಾರದ ಅವಕಾಶ. ಹೇಳದೆ ಹೋಗಿ ಸಿಕ್ಕಿಬಿದ್ದರೆ ಹಣ ವಾಪಸ್ ಕಟ್ಟಬೇಕಾಗುತ್ತದೆ. ಅಂದರೆ ನಿಮ್ಮ ಗಂಡ ಸ್ಯಾಂಟೊರಿನಿಗೆ ಹೋಗುವ ಮೊದಲು, ಹೆಸರೂ ಗೊತ್ತಿಲ್ಲದ ಒಬ್ಬ ಜರ್ಮನ್ ಗುಮಾಸ್ತರ ಹತ್ತಿರ ತಮಗೆ ಕೆಲಸವಿಲ್ಲ ಅನ್ನುವುದನ್ನು ಇನ್ನೊಮ್ಮೆ ಹೇಳಿ ಅನುಮತಿ ಕೇಳುತ್ತಾರೆ. ಆ ಗುಮಾಸ್ತರಿಗೆ ಹೇಳಬಹುದಾದದ್ದನ್ನು ಹೆತ್ತವರಿಗೆ ಹೇಳಬಾರದೇ?

ಈಗ ನಿಮ್ಮ ಭಾವನ ವಿಚಾರಕ್ಕೆ ಬರುತ್ತೇನೆ. ಅವರನ್ನು ನೀವು ತುಂಬ ಗೌರವದಿಂದ ಬರೆದಿದ್ದೀರಿ. "ತಂಗಿ ಮದುವೆ ಮುಗಿಯುವವರೆಗೆ ಬಾಯಿ ಬಿಡಬೇಡ, ಅಪ್ಪನಿಗೆ ಬಿಪಿ ಇದೆ, ಬೀಗರಿಗೆ ಗೊತ್ತಾದರೆ ಮರ್ಯಾದೆ ಹೋಗುತ್ತೆ, ಎಲ್ಲಾದರೂ ಹೋಗಿ ನಾಲ್ಕು ಫೋಟೋ ಹಾಕಿ" ಅಂತ ತಮ್ಮನಿಗೆ ಹೇಳಿಕೊಟ್ಟವರು ಅವರೇ. ಅದೇ ಪತ್ರದಲ್ಲಿ, ನವೆಂಬರ್‌ನ ಮದುವೆಗೆ ಛತ್ರ ಮತ್ತು ಊಟದ ಖರ್ಚು ನಿಮ್ಮ ಯಜಮಾನರದು ಅಂತ ಕಳೆದ ವರ್ಷವೇ ಮಾತಾಗಿದೆ ಅಂತಲೂ ಇದೆ. ಮಾವನವರು ಆ ಮಾತನ್ನು ನಂಬಿಕೊಂಡು ಸಾವಿರ ಜನ ಕೂರುವ ಛತ್ರ ನೋಡುತ್ತಿದ್ದಾರೆ, ಬರುವ ತಿಂಗಳು ಅಡ್ವಾನ್ಸ್ ಕೊಡುತ್ತಾರಂತೆ. ತಮ್ಮನಿಗೆ ಕೆಲಸವಿಲ್ಲ ಅಂತ ಮನೆಯಲ್ಲಿ ಗೊತ್ತಾದರೆ ಆ ಖರ್ಚು ಯಾರ ತಲೆಗೆ ಬರುತ್ತದೆ? ಮೈಸೂರಿನಲ್ಲೇ ಇರುವ, ಕಾಯಂ ನೌಕರಿಯ ಅಣ್ಣನ ತಲೆಗೆ. ಅವರು ತಮ್ಮನ ಮರ್ಯಾದೆ ಕಾಯುತ್ತಿದ್ದಾರೆ ಅಂತ ನೀವು ನಂಬಿದ್ದೀರಿ, ನನಗೆ ಹಾಗೆ ಕಾಣುತ್ತಿಲ್ಲ. ತಂದೆಯ ಬಿಪಿಯನ್ನು ಅಡ್ಡ ಇಟ್ಟುಕೊಂಡು ತಮ್ಮನ ಬಾಯಿ ಕಟ್ಟಿದ್ದು ತಪ್ಪು. ಅಪ್ಪ ಛತ್ರ ನೋಡಲು ಹೊರಟ ಹೊತ್ತಿಗಾದರೂ ತಮ್ಮ ಹೇಳಲಿ ಅಂತ ಬಿಡಬಹುದಿತ್ತು, ಅದನ್ನೂ ಮಾಡಲಿಲ್ಲ.

ಬಿಪಿಯ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಹಿರಿಯರಿಗೆ ಕೆಟ್ಟ ಸುದ್ದಿ ಹೇಳಬಾರದು ಅನ್ನುವುದು ಒಂದು ಕಟ್ಟಳೆಯೇ ಆಗಿಹೋಗಿದೆ. ಅವರು ಏನೂ ಕಾಣದವರೇ? ನಿಮ್ಮ ಮಾವ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ನಿವೃತ್ತರಾದವರು, ಮೂರು ಮಕ್ಕಳನ್ನು ಒಂದು ಸಂಬಳದಲ್ಲಿ ಓದಿಸಿದವರು. ಮಗ ಐದು ತಿಂಗಳು ಮನೆಯಲ್ಲಿ ಕೂತಿದ್ದಾನೆ ಅಂದರೆ ಒಂದು ರಾತ್ರಿ ನಿದ್ದೆ ಬಿಟ್ಟಾರು. ಬೆಳಗಾದರೆ ಸಣ್ಣ ಛತ್ರ ಹುಡುಕಲು ಹೊರಡುತ್ತಾರೆ. ಅಡ್ವಾನ್ಸ್ ಕೊಟ್ಟಾದ ಮೇಲೆ, ಲಗ್ನಪತ್ರಿಕೆ ಹಂಚಿಯಾದ ಮೇಲೆ, ಬೇರೆ ಯಾರೋ ಹೇಳಿ ಗೊತ್ತಾಯಿತು ಅನ್ನಿ, ಆಗ ಏರುತ್ತದೆ ಬಿಪಿ. ಮ್ಯೂನಿಕ್‌ನಲ್ಲಿ ಕನ್ನಡದವರು ಕಡಿಮೆ ಇಲ್ಲ, ಒಬ್ಬರಲ್ಲ ಒಬ್ಬರಿಗೆ ಮೈಸೂರಿನಲ್ಲಿ ನೆಂಟರಿದ್ದೇ ಇರುತ್ತಾರೆ.

ಬೀಗರ ಭಯವೂ ಇದೆ, ಒಪ್ಪುತ್ತೇನೆ. ಹುಡುಗಿಯ ಅಣ್ಣನಿಗೆ ಕೆಲಸ ಹೋಯಿತು ಅನ್ನುವ ಕಾರಣಕ್ಕೆ ನಿಶ್ಚಯವಾದ ಮದುವೆ ಮುರಿಯುವ ಮನೆಗೆ ನಿಮ್ಮ ನಾದಿನಿ ಹೋಗದಿರುವುದೇ ಒಳ್ಳೆಯದು. ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಒಂದೇ ಕೆಲಸ. ಬರುವ ಭಾನುವಾರ ಮ್ಯೂನಿಕ್‌ನಲ್ಲಿ ಬೆಳಗ್ಗೆ ಹತ್ತು ಗಂಟೆಗೆ ವಿಡಿಯೋ ಕಾಲ್ ಮಾಡಿ. ಅಲ್ಲಿ ಮಧ್ಯಾಹ್ನ ಒಂದೂವರೆ, ಊಟ ಮುಗಿದು ಅತ್ತೆ ಮಾವ ಇಬ್ಬರೂ ಹಾಲ್‌ನಲ್ಲಿ ಕೂತಿರುವ ಹೊತ್ತು. ಭಾವನಿಗೆ ಮೊದಲೇ ಹೇಳಿ ಒಪ್ಪಿಗೆ ಕೇಳಬೇಡಿ, ಅವರು ತಡೆಯುತ್ತಾರೆ. ನೀವಿಬ್ಬರೂ ಪಕ್ಕಪಕ್ಕ ಕೂತಿರಬೇಕು, ಮಾತು ನಿಮ್ಮ ಯಜಮಾನರೇ ಆಡಬೇಕು. "ಅಪ್ಪಾ, ಫೆಬ್ರವರಿಯಲ್ಲಿ ನನ್ನ ಕೆಲಸ ಹೋಯಿತು, ಹುಡುಕುತ್ತಿದ್ದೇನೆ, ಮನೆ ನಡೆಯುತ್ತಿದೆ, ಛತ್ರದ ಖರ್ಚು ಪೂರ್ತಿ ನನ್ನಿಂದ ಆಗಲ್ಲ, ಇಷ್ಟು ಆಗುತ್ತೆ." ಆ "ಇಷ್ಟು" ಎಷ್ಟು ಅಂತ ಶನಿವಾರ ರಾತ್ರಿಯೇ ಇಬ್ಬರೂ ಕೂತು ಲೆಕ್ಕ ಹಾಕಿಟ್ಟುಕೊಳ್ಳಿ. ಅತ್ತೆ ಅಳಬಹುದು, ಅಳಲಿ. ಮಾವ ಸುಮ್ಮನಾಗಬಹುದು, ಫೋನ್ ಇಡಬೇಡಿ, ಅವರು ಮಾತಾಡುವವರೆಗೆ ಕಾಯಿರಿ.

ನಿಮ್ಮ ಯಜಮಾನರು ಒಪ್ಪದಿದ್ದರೆ? ನನ್ನ ಈ ಉತ್ತರವನ್ನು ಅವರ ಕೈಗೆ ಕೊಡಿ. ಅವರಿಗೆ ನೇರವಾಗಿ ಹೇಳುತ್ತೇನೆ: ಕೆಲಸ ಹೋದದ್ದು ನಿಮ್ಮ ತಪ್ಪಲ್ಲ ಸ್ವಾಮಿ. ನಿಮ್ಮ ಮನೆಯಲ್ಲಿ ನಿಮ್ಮ ಮೇಲೆ ಯಾರಿಗೂ ಕೋಪ ಇಲ್ಲ, ನನಗೆ ಪತ್ರ ಬರೆದ ನಿಮ್ಮ ಹೆಂಡತಿಗೂ ಇಲ್ಲ. ಆದರೆ ಐದು ರಾತ್ರಿ ಆ ಗುಹೆಮನೆಯಲ್ಲಿ ಇದ್ದು, ಊರಿಗೆ ಫೋಟೋ ಕಳಿಸಿ, ಪ್ರತಿ ಸಲ ಫೋನ್ ಮಿನುಗಿದಾಗ ಏನು ಉತ್ತರ ಕೊಡಲಿ ಅಂತ ಯೋಚಿಸುತ್ತ ಕೂತರೆ ಅದು ರಜೆ ಹೇಗಾದೀತು? ಇಯಾದ ಆ ಗುಹೆಮನೆಗಳು ಇದ್ದದ್ದೇ ಬಡವರಿಗೆ. ಹಡಗಿನ ಯಜಮಾನರು ಮೇಲೆ ದೊಡ್ಡ ಮನೆ ಕಟ್ಟಿಸಿಕೊಂಡರೆ, ಅವರ ಕೈಕೆಳಗಿನ ನಾವಿಕರು ಕೆಳಗಿನ ಇಳಿಜಾರಿನಲ್ಲಿ ಜ್ವಾಲಾಮುಖಿಯ ಬೂದಿಗಲ್ಲು ಕೊರೆದು ಅದರೊಳಗೆ ಸಂಸಾರ ಮಾಡುತ್ತಿದ್ದರು. 1956ರ ಜುಲೈ ಭೂಕಂಪದಲ್ಲಿ ಊರು ಕುಸಿದಾಗ ಎಷ್ಟೋ ಜನ ಮನೆ ಬಿಟ್ಟು ಅಥೆನ್ಸ್‌ಗೆ ಹೋದರು. ಅವರ ಆ ಮನೆಗಳಿಗೇ ಇವತ್ತು ನೀವು ರಾತ್ರಿಗೆ 580 ಯೂರೋ ಕೊಡಲು ಹೊರಟಿದ್ದೀರಿ.

ಕರೆ ಮುಗಿದ ಮೇಲೆ ದ್ವೀಪದ ಮಾತು ಎತ್ತಿ. ಆಗ ಅದು ಸುಲಭವಾಗುತ್ತದೆ. ನನ್ನನ್ನು ಕೇಳಿದರೆ ಇಯಾ ಬುಕಿಂಗ್ ರದ್ದು ಮಾಡಿ. ಆಗಸ್ಟ್‌ನಲ್ಲಿ ಅಲ್ಲಿ ಸಂಜೆ ಎಂಟು ಗಂಟೆಯ ಸೂರ್ಯಾಸ್ತಕ್ಕೆ ಹಳೆಯ ಕೋಟೆಯ ಹತ್ತಿರ ಆರು ಗಂಟೆಯಿಂದಲೇ ಜನ ನಿಂತಿರುತ್ತಾರೆ, ಓಣಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹದಿನೈದು ಸಾವಿರದಷ್ಟು ಜನ ಬಾಳುವ ದ್ವೀಪಕ್ಕೆ 2023ರಲ್ಲಿ ಸುಮಾರು 34 ಲಕ್ಷ ಜನ ಬಂದಿದ್ದರು. ಕ್ರೂಸ್ ಹಡಗುಗಳಿಂದ ಇಳಿಯುವವರಿಗೆ ದಿನಕ್ಕೆ 8,000ದ ಮಿತಿ ಹಾಕಬೇಕಾಗಿ ಬಂತು. ಆಗಸ್ಟ್ 15ರ ಮೇರಿ ಮಾತೆಯ ಹಬ್ಬದ ಸುತ್ತಮುತ್ತ ಗ್ರೀಕರೂ ದ್ವೀಪಗಳಿಗೆ ಹೊರಡುವುದರಿಂದ ಹಡಗಿನ ಟಿಕೆಟ್ಟೂ ಕಷ್ಟ, ಮೆಲ್ಟೆಮಿ ಅನ್ನುವ ಉತ್ತರದ ಗಾಳಿ ಬೇರೆ. ಸ್ಯಾಂಟೊರಿನಿಯೇ ನೋಡಬೇಕು ಅಂದರೆ ಸೆಪ್ಟೆಂಬರ್ ಕೊನೆಗೆ ಹೋಗಿ. ಕಡಲು ಇನ್ನೂ ಬೆಚ್ಚಗಿರುತ್ತದೆ. ಕಪ್ಪು ಮರಳಿನ ಪೆರಿಸ್ಸಾದಲ್ಲಿ ಸಾಧಾರಣ ಕೋಣೆ ಹಿಡಿದು ಬಸ್ಸಿನಲ್ಲಿ ಓಡಾಡಿ. ಬೆಳಗ್ಗೆ ಬೇಗ ಎದ್ದು ದ್ವೀಪದ ಮುಖ್ಯ ಊರು ಫಿರಾದಿಂದ ಇಯಾವರೆಗೆ ಬಂಡೆಯಂಚಿನ ಹತ್ತು ಕಿಲೋಮೀಟರ್ ನಡೆಯಿರಿ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ನಿಮಗೆ ನಾಕ್ಸೋಸೇ ಬೇಕು ಅಂದರೆ ಅದನ್ನೂ ಆಗ ಬಾಯಿಬಿಟ್ಟು ಹೇಳಿ, ಭೂಕಂಪದ ನೆಪ ಬೇಡ.

ಹೋಗುವುದೋ ಬಿಡುವುದೋ ನೀವಿಬ್ಬರೇ ನಿರ್ಧರಿಸಿ, ಅದರಲ್ಲಿ ನನ್ನದು ಸಲಹೆ ಮಾತ್ರ. ಫೋನಿನ ವಿಷಯದಲ್ಲಿ ಹಾಗಲ್ಲ. ಜುಲೈ 15ಕ್ಕೂ ಮೊದಲು, ಮಾವ ಛತ್ರಕ್ಕೆ ಅಡ್ವಾನ್ಸ್ ಕೊಡುವುದಕ್ಕೂ ಮೊದಲು ಆ ಕರೆ ಆಗಲೇಬೇಕು. ಭಾನುವಾರ ಹತ್ತು ಗಂಟೆಗೆ ಮಾಡಿ.