ಇಂಗ್ಲಿಷ್ ಆಮೇಲೆ, ಮೊದಲು ಆ ಎರಡು ವರ್ಷದ ಸುಳ್ಳು ತೆಗೆ

ತಿಪಟೂರು ಕಡೆಯ ಹುಡುಗಿಯೊಬ್ಬಳ ಪತ್ರ ಓದಿ ಸಿಟ್ಟು ಬಂತು. ಅವಳ ಮೇಲಲ್ಲ. ಯಾರ ಮೇಲೆ ಅಂತ ಹೇಳುತ್ತೇನೆ.

ವಿಷಯ ಇಷ್ಟು. 2022ರಲ್ಲಿ ಬಿಇ ಮುಗಿಯಿತು. ಅದೇ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆಯಿತು, ಎರಡು ವರ್ಷ ಇವಳು ಮನೆಯಲ್ಲೇ ಉಳಿದಳು. ಈಗ ಅಪ್ಪ ಕೋಲು ಹಿಡಿದು ಓಡಾಡುತ್ತಾರೆ. ಇವಳು ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲಿ ಪಿಜಿ ಹಿಡಿದು ಜಾವಾ ಕೋರ್ಸ್ ಮುಗಿಸಿದ್ದಾಳೆ. ಇನ್ನು ಹದಿನೈದು ದಿನಕ್ಕೆ ಇಂಟರ್‌ವ್ಯೂ. ಓದಿದ್ದು ಕನ್ನಡ ಮೀಡಿಯಂ, ಇಂಗ್ಲಿಷಿನಲ್ಲಿ ತಡವರಿಸುತ್ತೇನೆ, ಹೇಗೆ ತಯಾರಾಗಲಿ ಅಂತ ಕೇಳಿದ್ದಾಳೆ. ಮೂರು ಪುಟದ ಪತ್ರದ ನಡುವೆ, ಏನೂ ಅಲ್ಲ ಅನ್ನುವ ಹಾಗೆ ಒಂದು ಸಾಲು: "ಭಾವ ಹೇಳಿದ ಹಾಗೆ ರೆಸ್ಯೂಮೆಯಲ್ಲಿ ಎರಡು ವರ್ಷದ ಅನುಭವ ಹಾಕಿದ್ದೇನೆ, ಸರ್ಟಿಫಿಕೇಟ್ ಅವರೇ ಕೊಡಿಸಿದ್ದಾರೆ, ಅದೇನೂ ಸಮಸ್ಯೆ ಇಲ್ಲ."

ನೋಡಮ್ಮ, ಸಮಸ್ಯೆ ಇರುವುದು ಅದೊಂದೇ.

ನೀನೇ ಬರೆದಿದ್ದೀಯ. ರೂಮ್‌ಮೇಟ್ ಜೊತೆ ಪ್ರಾಕ್ಟೀಸ್ ಮಾಡುವಾಗ, ಜಾವಾದಲ್ಲಿ ಡೇಟಾ ಜೋಡಿಸಿಡುವ ಹ್ಯಾಶ್‌ಮ್ಯಾಪ್ ಒಳಗೆ ಏನು ನಡೆಯುತ್ತದೆ ಅಂದರೆ ಹ್ಯಾಶ್‌ಕೋಡ್, ಬಕೆಟ್, ಈಕ್ವಲ್ಸ್ ಅಂತ ಹರಕು ಇಂಗ್ಲಿಷಿನಲ್ಲೇ ಪೂರ್ತಿ ಹೇಳಿ ಮುಗಿಸುತ್ತೀಯ. "ಹಿಂದಿನ ಪ್ರಾಜೆಕ್ಟ್ ಬಗ್ಗೆ ಹೇಳಿ" ಅಂದ ಕೂಡಲೇ ಗಂಟಲು ಕಟ್ಟುತ್ತದೆ. ಇಲ್ಲದ ಪ್ರಾಜೆಕ್ಟ್ ಬಗ್ಗೆ ನೀನು ಕನ್ನಡದಲ್ಲೂ ತಡವರಿಸುತ್ತೀಯ! ಎರಡು ವರ್ಷ ಕೆಲಸ ಮಾಡಿದವರನ್ನು ಕೇಳುವುದೇ ಬೇರೆ. ಟೀಮಿನಲ್ಲಿ ಎಷ್ಟು ಜನ ಇದ್ದರು, ರಿಲೀಸ್ ಹೇಗೆ ಮಾಡುತ್ತಿದ್ದಿರಿ, ಪ್ರೊಡಕ್ಷನ್‌ನಲ್ಲಿ (ಅಂದರೆ ಜನ ಬಳಸುತ್ತಿರುವ ಸಿಸ್ಟಂನಲ್ಲಿ) ಏನು ಕೆಟ್ಟಿತ್ತು, ಯಾರು ಸರಿ ಮಾಡಿದರು. ಇದಕ್ಕೆಲ್ಲ ಯಾವ ಕೋರ್ಸಿನಲ್ಲೂ ಉತ್ತರ ಕಲಿಸುವುದಿಲ್ಲ, ಅನುಭವವಿಲ್ಲದ ಹೊಸಬರಿಗೆ, ಅಂದರೆ ಫ್ರೆಶರ್‌ಗೆ ಯಾರೂ ಕೇಳುವುದೂ ಇಲ್ಲ.

"ಯಾರೂ ಚೆಕ್ ಮಾಡಲ್ಲ" ಅಂದರಂತೆ ನಿನ್ನ ಭಾವ. ಮಾಡುತ್ತಾರೆ. ಆಫರ್ ಕೊಟ್ಟ ಮೇಲೆ ಮಾಡುತ್ತಾರೆ, ಎಷ್ಟೋ ಕಡೆ ಸೇರಿ ತಿಂಗಳು ಕಳೆದ ಮೇಲೆ. 20 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ ಪಿಎಫ್ ಕಾಯ್ದೆಗೆ ಬರುತ್ತದೆ. 2014ರಲ್ಲಿ 12 ಅಂಕಿಯ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಬಂದ ಮೇಲೆ, ಪಿಎಫ್ ಇದ್ದವರು ಎಲ್ಲಿ ಯಾವಾಗ ಸೇರಿದರು, ಯಾವಾಗ ಬಿಟ್ಟರು ಅನ್ನುವುದೆಲ್ಲ ಒಂದೇ ಕಡೆ ಕಾಣುತ್ತದೆ. ಸ್ಯಾಲರಿ ಸ್ಲಿಪ್ ಕೇಳುತ್ತಾರೆ, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಅದೂ ಹೋಗಲಿ, ಸೇರುವಾಗ ತುಂಬುವ ಪಿಎಫ್ ಫಾರ್ಮ್ 11ರಲ್ಲೇ ಹಿಂದೆ ಸದಸ್ಯರಾಗಿದ್ದಿರಾ ಅನ್ನುವ ಪ್ರಶ್ನೆ ಇದೆ. ಹೌದು ಅಂದರೆ ನಂಬರ್ ಎಲ್ಲಿಂದ ತರುತ್ತೀಯ? ಇಲ್ಲ ಅಂದರೆ, ಹಾಗಾದ್ರೆ ಆ ಎರಡು ವರ್ಷ ಯಾವ ಕಂಪನಿ ಅಂತ ಹುಡುಕಲು ಶುರು ಮಾಡುತ್ತಾರೆ. ಸಿಕ್ಕಿಬಿದ್ದರೆ ಹೆಚ್ಚಿನವರು ಪೊಲೀಸ್ ತನಕ ಹೋಗದೆ ಕೆಲಸದಿಂದ ತೆಗೆದು ಸುಮ್ಮನಾಗಬಹುದು, ಆದರೆ ನಕಲಿ ದಾಖಲೆಯನ್ನು ಗೊತ್ತಿದ್ದೂ ಅಸಲಿ ಅಂತ ಕೊಡುವುದು ಅಪರಾಧವೇ. ಕೆಳಗಿರುವ ಸಹಿ ನಿನ್ನದು, ಭಾವನದ್ದಲ್ಲ.

ಈಗ ಆ ಭಾವನ ವಿಚಾರ. ಸೈಟ್ ಮಾರಿಸುವ ವ್ಯಾಪಾರ ಅವರದು, ಸಾಫ್ಟ್‌ವೇರ್ ಕಂಪನಿಯ ಮೆಟ್ಟಿಲು ಹತ್ತಿದವರಲ್ಲ. ಲೆಟರ್ ಮಾರಿಕೊಂಡೇ ಬದುಕುವ ಕನ್ಸಲ್ಟೆನ್ಸಿಗೆ 25 ಸಾವಿರ ಕೊಟ್ಟು ಬಂದು, "ಮೊದಲ ಸಂಬಳದಲ್ಲಿ ವಾಪಸ್ ಕೊಡು" ಅಂತ ನಿನ್ನ ತಲೆಗೆ ಕಟ್ಟಿದ್ದಾರೆ. ಒಂದು ಪೈಸೆ ಕೊಡಬೇಡ. ನೀನು ಕೇಳಿದ್ದಲ್ಲ ಅದು. ಪಕ್ಕದಲ್ಲೇ ಕೂತು ಕೇಳಿಸಿಕೊಂಡು ಸುಮ್ನೆ ಇದ್ದ ಅಕ್ಕನ ಬಗ್ಗೆಯೂ ನನಗೆ ಅಂಥ ಕನಿಕರವೇನೂ ಇಲ್ಲ. ಮನೆಯಲ್ಲಿ ಕೆಲಸ ಹುಡುಕುವ ಹುಡುಗಿಯೊಬ್ಬಳಿದ್ದರೆ ಸಂಬಂಧಿಕರೆಲ್ಲ ಎಚ್‌ಆರ್ ಆಗಿಬಿಡುತ್ತಾರೆ. ಇದನ್ನು ಹಿಂದೆಯೂ ಬರೆದು ಬೈಸಿಕೊಂಡಿದ್ದೇನೆ, ಮತ್ತೆ ಬರೆಯುತ್ತಿದ್ದೇನೆ.

ಇನ್ನೊಂದು. "ಎರಡು ವರ್ಷ ವೇಸ್ಟ್ ಆಯ್ತು" ಅಂತ ಬರೆದಿದ್ದೀಯಲ್ಲ, ಅದಕ್ಕೂ ಕೋಪ ಬಂತು. ಲಕ್ವ ಹೊಡೆದವರನ್ನು ಎಬ್ಬಿಸಿ ಕೂರಿಸುವುದು, ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುವುದು, ಮಾತ್ರೆಯ ಲೆಕ್ಕ, ಅದರ ಮಧ್ಯೆ ತೋಟದ ಕೂಲಿ ಲೆಕ್ಕವೂ ನಿನ್ನದೇ. ಮಗ ಇದನ್ನು ಮಾಡಿದ್ದರೆ ಊರೆಲ್ಲ ಹೊಗಳುತ್ತಿತ್ತು. ಮಗಳು ಮಾಡಿದರೆ ಗ್ಯಾಪ್! ಇಂಟರ್‌ವ್ಯೂನಲ್ಲಿ ಕೇಳಿದರೆ ಎರಡೇ ವಾಕ್ಯ ಸಾಕು: ಅಪ್ಪನಿಗೆ ಸ್ಟ್ರೋಕ್ ಆಗಿತ್ತು, ನೋಡಿಕೊಂಡೆ. ಈಗ ಹುಷಾರಾಗಿದ್ದಾರೆ, ಪೂರ್ತಿ ಹೊತ್ತು ಕೆಲಸಕ್ಕೆ ಸಿದ್ಧ. ಕ್ಷಮೆ ಕೇಳುವ ದನಿ ಬೇಡ, ಅಳುವ ದನಿಯೂ ಬೇಡ. ಯೂಟ್ಯೂಬ್ ನೋಡಿ ಬಾಯಿಪಾಠ ಮಾಡಿರುವ ಆ ಸ್ವಪರಿಚಯ ಇದೆಯಲ್ಲ, ಅದನ್ನೂ ಬಿಡು.

ಮಾಡಬೇಕಾದ್ದು ಒಂದೇ ಕೆಲಸ. ಇವತ್ತೇ ಆ ಎರಡು ವರ್ಷದ ಅನುಭವದ ಸಾಲು ಅಳಿಸಿ, ಹೊಸ ರೆಸ್ಯೂಮೆಯನ್ನು ಆ ಎಚ್‌ಆರ್‌ಗೆ ಮೇಲ್ ಮಾಡು. "ಹಿಂದೆ ಕಳಿಸಿದ್ದರಲ್ಲಿ ಅನುಭವದ ಮಾಹಿತಿ ತಪ್ಪಿತ್ತು, ನಾನು ಫ್ರೆಶರ್, ಇದನ್ನು ಪರಿಗಣಿಸಿ" ಅಂದರೆ ಸಾಕು, ಕಾರಣ, ಕಥೆ ಏನೂ ಬೇಡ. ಈ ಇಂಟರ್‌ವ್ಯೂ ಕೈತಪ್ಪಬಹುದು, ಎರಡು ವರ್ಷದ ಅನುಭವದವರನ್ನೇ ಕರೆದಿದ್ದರೆ ತಪ್ಪಿಯೇ ತಪ್ಪುತ್ತದೆ. ತಪ್ಪಲಿ. ಆ ಹೊಸ ರೆಸ್ಯೂಮೆ ಹಿಡಿದು ಫ್ರೆಶರ್‌ಗಳನ್ನು ಕರೆಯುವ ಕಡೆ ಹಾಕು.

ಭಾವನಿಗೆ ಮೇಲ್ ಹೋದ ಮೇಲೆ ಹೇಳು. ಮೊದಲೇ ಹೇಳಬೇಡ.